ಗಿಡ್ಡ ಹೆಸರಿಗೆ ಕೋಟಿ ಸುರಿಯಬೇಡಿ

2019ರಲ್ಲಿ ಬ್ಲಾಕ್ ಡಾಟ್ ಒನ್ ಎಂಬ ಕಂಪನಿ ಒಂದೇ ಒಂದು ವೆಬ್ ವಿಳಾಸಕ್ಕೆ 3 ಕೋಟಿ ಡಾಲರ್ ನಗದು ಎಣಿಸಿತು. ಆಗಿನ ದರದಲ್ಲಿ ಇನ್ನೂರು ಕೋಟಿ ರೂಪಾಯಿಗೂ ಮಿಗಿಲು. ಕೊಂಡದ್ದು ವಾಯ್ಸ್ ಡಾಟ್ ಕಾಮ್, ಮಾರಿದ್ದು ಮೈಕ್ರೋಸ್ಟ್ರಾಟಜಿ. ಆ ಹೆಸರಿನಲ್ಲಿ ಫೇಸ್‌ಬುಕ್ಕಿಗೆ ಸಡ್ಡು ಹೊಡೆಯುವ ಸಾಮಾಜಿಕ ಜಾಲತಾಣ ಕಟ್ಟುತ್ತೇವೆ ಎಂದರು. ಅದು ಆಗಲಿಲ್ಲ. ಎನ್‌ಎಫ್‌ಟಿ ಮಾರಾಟದತ್ತ ಹೊರಳಿದರು, ಅದೂ ಆಗಲಿಲ್ಲ. 2023ರಲ್ಲಿ ಬಾಗಿಲು ಹಾಕಿದರು. ಗಿಡ್ಡ ಡೊಮೇನ್‌ಗಳನ್ನು ಮಾರುವ ದಲ್ಲಾಳಿಗಳು ಇಂದಿಗೂ ಈ ವ್ಯವಹಾರವನ್ನು ಹೆಮ್ಮೆಯಿಂದ ಉದಾಹರಿಸುತ್ತಾರೆ. ಮೊದಲರ್ಧ ಮಾತ್ರ.

ಇಂಥ ಹೆಸರುಗಳಿಗೆ ಕೇಳುವ ಬೆಲೆ ಹೊಸ ಉದ್ಯಮಿಯ ಪಾಲಿಗೆ ಶುದ್ಧ ದಂಡ ಎಂಬುದು ನನ್ನ ವಾದ. ಮಾರುವವನಿಗೆ ಲಾಭವಿದೆ, ಅದರಲ್ಲಿ ತಕರಾರಿಲ್ಲ. ಕೊಳ್ಳುವವರಲ್ಲಿ ಲಾಭ ಕಾಣುವವರು ಬೆರಳೆಣಿಕೆಯಷ್ಟು, ಅವರಾರೂ ಹೊಸಬರಲ್ಲ.

ಬೆಲೆ ಹುಟ್ಟುವ ಜಾಗವನ್ನು ಮೊದಲು ನೋಡೋಣ. ಇಂಗ್ಲಿಷಿನ 26 ಅಕ್ಷರಗಳಿಂದ ಎರಡಕ್ಷರದ ಹೆಸರು 676, ಮೂರಕ್ಷರದ್ದು 17,576, ನಾಲ್ಕಕ್ಷರದ್ದು 4,56,976 ಮಾತ್ರ ಮಾಡಬಹುದು. ಡಾಟ್ ಕಾಮ್‌ನಲ್ಲಿ ಇವೆಲ್ಲ ಎಂದೋ ಬುಕ್ ಆಗಿ ಹೋಗಿವೆ. 1995ರವರೆಗೆ ನೋಂದಣಿ ಪುಕ್ಕಟೆಯಾಗಿತ್ತು; ಆಮೇಲೆ ಎರಡು ವರ್ಷಕ್ಕೆ 100 ಡಾಲರ್ ಆಯಿತು; ಮುಂದೆ ಅದೂ ಇಳಿಯಿತು. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ 2024ರ ಸೆಪ್ಟೆಂಬರ್‌ನಿಂದ ಪಡೆಯುತ್ತಿರುವ ಸಗಟು ದರ ವರ್ಷಕ್ಕೆ 10.26 ಡಾಲರ್. ಕೋಟಿ ಬೆಲೆಯ ಹೆಸರಿಗೂ, ನಿಮ್ಮೂರಿನ ಹೋಳಿಗೆ ಮನೆಯ ಹೆಸರಿಗೂ ಇದೇ ದರ. ಹೀಗಿರುವಾಗ ಸಾವಿರ ಹೆಸರು ಗುಡ್ಡೆ ಹಾಕಿಕೊಂಡು ಹತ್ತು ವರ್ಷ ಕಾಯುವವನಿಗೆ ಆಗುವ ಖರ್ಚೇನು? ಸಾವಿರದಲ್ಲಿ ಒಂದು ಹೋದರೂ ಅಸಲು ಬಂತು.

ಇದು ಸಟ್ಟಾ ವ್ಯಾಪಾರ ಎಂಬುದಕ್ಕೆ 2015ರ ಚೀನಾ ಜ್ವರಕ್ಕಿಂತ ಬೇರೆ ಸಾಕ್ಷಿ ಬೇಡ. ಸ್ವರಾಕ್ಷರಗಳೂ ‘ವಿ’ ಅಕ್ಷರವೂ ಇಲ್ಲದ ನಾಲ್ಕಕ್ಷರದ ಡಾಟ್ ಕಾಮ್‌ಗಳನ್ನು ಅಲ್ಲಿನ ಹೂಡಿಕೆದಾರರು ಮುಗಿಬಿದ್ದು ಕೊಂಡರು. ಬಾಯಲ್ಲಿ ಉಚ್ಚರಿಸಲೂ ಆಗದ ಹೆಸರುಗಳವು. ಮಾರುಕಟ್ಟೆಯಲ್ಲಿ ಅವುಗಳನ್ನು ‘ಚಿಪ್ಸ್’ ಎಂದೇ ಕರೆಯುತ್ತಿದ್ದರು, ಜೂಜಿನ ಬಿಲ್ಲೆಗಳ ಹಾಗೆ. ಯಾರೂ ಅದರಲ್ಲಿ ಅಂಗಡಿ ತೆರೆಯಲು ಕೊಂಡಿರಲಿಲ್ಲ. ಇನ್ನೊಬ್ಬನಿಗೆ ದಾಟಿಸಲು ಕೊಂಡಿದ್ದರು. ವರ್ಷ ತುಂಬುವುದರೊಳಗೆ ಬೆಲೆ ಇಳಿಯಿತು.

ದಲ್ಲಾಳಿಗಳ ನೆಚ್ಚಿನ ಹೋಲಿಕೆ ಒಂದಿದೆ: ಗಿಡ್ಡ ಡೊಮೇನ್ ಎಂದರೆ ಎಂ.ಜಿ. ರಸ್ತೆಯ ಕಾರ್ನರ್ ಸೈಟ್ ಇದ್ದ ಹಾಗಂತೆ. ಕಾರ್ನರ್ ಸೈಟಿನ ಮುಂದೆ ಜನ ಓಡಾಡುತ್ತಾರೆ, ನಿಮ್ಮ ಬೋರ್ಡು ಅವರ ಕಣ್ಣಿಗೆ ಬೀಳುತ್ತದೆ. ಡೊಮೇನ್‌ನ ಮುಂದೆ ಯಾರು ಓಡಾಡುತ್ತಾರೆ? ತೊಂಬತ್ತರ ದಶಕದಲ್ಲಿ ಜನ ಊಹೆಯ ಮೇಲೆ ವಿಳಾಸ ಟೈಪ್ ಮಾಡಿ ನೋಡುತ್ತಿದ್ದದ್ದು ನಿಜ. ಈಗ ಹುಡುಕುವುದು ಗೂಗಲ್‌ನಲ್ಲಿ, ತೆರೆಯುವುದು ಆ್ಯಪ್‌ನಲ್ಲಿ, ದುಡ್ಡು ಕೊಡುವುದು ಕ್ಯೂಆರ್ ಕೋಡಿಗೆ. ಹುಡುಕುವ ಪದವೇ ಡೊಮೇನ್ ಆಗಿದ್ದರೆ ಮೇಲೆ ಬರಬಹುದು ಎಂಬ ಆಸೆಗೂ ಗೂಗಲ್ 2012ರಲ್ಲೇ ಕತ್ತರಿ ಹಾಕಿತು. ಸತ್ವವಿಲ್ಲದ ಅಂಥ ತಾಣಗಳನ್ನು ಕೆಳಕ್ಕೆ ತಳ್ಳಿತು. ಇಷ್ಟಾಗಿ ಸೈಟಿಗೆ ಕ್ರಯಪತ್ರ ಇರುತ್ತದೆ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹತ್ತು ವರ್ಷಕ್ಕಿಂತ ಹೆಚ್ಚು ಕಾದಿರಿಸಲು ಬಿಡುವುದಿಲ್ಲ, ನವೀಕರಣ ಮರೆತರೆ ಕೈತಪ್ಪುತ್ತದೆ. ಕೋಟಿ ಕೊಟ್ಟವನೂ ಬಾಡಿಗೆದಾರನೇ.

ಗಿಡ್ಡದಾದರೆ ನೆನಪಿನಲ್ಲಿ ಉಳಿಯುತ್ತದೆ ಎಂಬ ವಾದವನ್ನು ಅಮೆರಿಕದ ಓವರ್‌ಸ್ಟಾಕ್ ಕಂಪನಿ ತನ್ನ ಖರ್ಚಿನಲ್ಲೇ ಪರೀಕ್ಷಿಸಿ ತೋರಿಸಿತು. ಮೂರೂವರೆ ಲಕ್ಷ ಡಾಲರ್ ಕೊಟ್ಟು ‘ಒ ಡಾಟ್ ಸಿಒ’ ಕೊಂಡಿತು. 2011ರಲ್ಲಿ ಅದನ್ನೇ ತನ್ನ ಹೆಸರು ಎಂದು ಸಾರಿ, ಓಕ್ಲಂಡ್‌ನ ಕ್ರೀಡಾಂಗಣಕ್ಕೂ ಆ ಹೆಸರನ್ನು ಇಡಿಸಿತು. ಜಗತ್ತಿನಲ್ಲಿ ಅದಕ್ಕಿಂತ ಚಿಕ್ಕ ಹೆಸರು ಸಿಗುವುದು ಕಷ್ಟ. ಗ್ರಾಹಕರು ಏನು ಮಾಡಿದರು? ಅಭ್ಯಾಸಬಲದಿಂದ ಕೊನೆಗೊಂದು ‘ಎಂ’ ಸೇರಿಸಿ ‘ಒ ಡಾಟ್ ಕಾಮ್’ ಎಂದು ಟೈಪ್ ಮಾಡಿದರು. ಅಂಥ ತಾಣವೇ ಇರಲಿಲ್ಲ! ಕಂಪನಿ ತೆಪ್ಪಗೆ ಹಳೆಯ ಉದ್ದ ಹೆಸರಿಗೆ ಮರಳಿತು.

ಎದುರು ಪಕ್ಷದಲ್ಲಿ ಗಟ್ಟಿಯಾದ ಉದಾಹರಣೆಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ಫೇಸ್‌ಬುಕ್ 2010ರಲ್ಲಿ ಅಮೆರಿಕದ ರೈತ ಸಂಘಟನೆಯೊಂದಕ್ಕೆ 85 ಲಕ್ಷ ಡಾಲರ್ ಕೊಟ್ಟು ‘ಎಫ್‌ಬಿ ಡಾಟ್ ಕಾಮ್’ ಪಡೆಯಿತು. ‘ಟೆಸ್ಲಾಮೋಟರ್ಸ್ ಡಾಟ್ ಕಾಮ್’ ಆಗಿದ್ದ ಕಂಪನಿ 2016ರಲ್ಲಿ ‘ಟೆಸ್ಲಾ ಡಾಟ್ ಕಾಮ್’ಗೆ ಬಂತು, ಅದಕ್ಕೆ 1.1 ಕೋಟಿ ಡಾಲರ್ ತೆತ್ತದ್ದಾಗಿ ಇಲಾನ್ ಮಸ್ಕ್ ಆಮೇಲೆ ಹೇಳಿದರು. ಇವು ಕೆಟ್ಟ ವ್ಯವಹಾರಗಳಲ್ಲ. ಜಗತ್ತಿಗೆಲ್ಲ ಗೊತ್ತಿರುವ ಕಂಪನಿಗೆ ಬರಬೇಕಾದ ಇಮೇಲ್ ಬೇರೆಯವರ ಪೆಟ್ಟಿಗೆಗೆ ಬೀಳುವುದು, ವಂಚಕರು ಹೋಲುವ ಹೆಸರಿನಲ್ಲಿ ಬಲೆ ಬೀಸುವುದು ನಿಜವಾದ ಅಪಾಯ. ಆದರೆ ಇಸವಿಗಳನ್ನು ಗಮನಿಸಿ. ಫೇಸ್‌ಬುಕ್ ಶುರುವಾದದ್ದು 2004ರಲ್ಲಿ, ‘ದಿಫೇಸ್‌ಬುಕ್ ಡಾಟ್ ಕಾಮ್’ ಎಂಬ ಜೊಳ್ಳು ಹೆಸರಿನಲ್ಲಿ. ಮೊದಲು ಹೆಸರು ಮಾಡಿದರು, ದುಡ್ಡು ಬಂದ ಮೇಲೆ ವಿಳಾಸ ಕೊಂಡರು. ದಲ್ಲಾಳಿಗಳು ಇದನ್ನು ತಿರುಗಿಸಿ ಹೇಳುತ್ತಾರೆ.

ಬೆಂಗಳೂರಿನ ಅನುಭವವೂ ಇದೇ. ಊರಿಗೆ ಹೋಗುವ ಬಸ್ಸಿನ ಟಿಕೆಟಿನಿಂದ ಹುಟ್ಟಿದ ರೆಡ್‌ಬಸ್ ಡಾಟ್ ಇನ್‌ನಲ್ಲೇ ಬೆಳೆಯಿತು. ಫ್ಲಿಪ್‌ಕಾರ್ಟ್, ಸ್ವಿಗ್ಗಿ, ಜೆರೋಧಾ ಇವಾವುವೂ ನಿಘಂಟಿನಲ್ಲಿದ್ದ ಪದಗಳಲ್ಲ. ಜೆರೋಧಾ ಎಂಬುದು ಇಂಗ್ಲಿಷಿನ ‘ಜೀರೋ’ ಮತ್ತು ಸಂಸ್ಕೃತದ ‘ರೋಧ’ ಸೇರಿಸಿ ಹೊಸೆದದ್ದು. ಓಲಾ ‘ಓಲಾಕ್ಯಾಬ್ಸ್’ ಎಂಬ ಉದ್ದ ವಿಳಾಸ ಇಟ್ಟುಕೊಂಡೇ ನಗರನಗರ ಸುತ್ತಿತು. ವಿಳಾಸ ಉದ್ದವಾಯಿತು ಎಂದು ಯಾರಾದರೂ ಆಟೋ ಹಿಡಿದರೇ?

ನಂಬಿಕೆಯ ಪ್ರಶ್ನೆಗೆ ರಿಸರ್ವ್ ಬ್ಯಾಂಕ್ ಕೊಟ್ಟ ಉತ್ತರ ಇನ್ನೂ ಸೊಗಸಾಗಿದೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ಅದು ಆದೇಶಿಸಿತು. ಸ್ಟೇಟ್ ಬ್ಯಾಂಕಿನ ‘ಎಸ್‌ಬಿಐ ಡಾಟ್ ಕೊ ಡಾಟ್ ಇನ್’ ಹೋಗಿ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’ ಬಂತು. ವಿಳಾಸ ಗಿಡ್ಡವಾಗಲಿಲ್ಲ, ತುಸು ಉದ್ದವೇ ಆಯಿತು. ಬ್ಯಾಂಕ್ ಅಲ್ಲದವರಿಗೆ ಅದು ಸಿಗುವುದಿಲ್ಲ ಎಂಬುದೇ ಅದರ ಬಲ.

ಕಾನೂನಿನ ಮಾತು. ನೀವು ಕಟ್ಟಿದ ಹೆಸರನ್ನು ಇನ್ನೊಬ್ಬ ಕದ್ದರೆ ಕೋರ್ಟು ನಿಮ್ಮ ಕಡೆಗಿದೆ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾದ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸಲ್ಯೂಷನ್ಸ್ ವ್ಯಾಜ್ಯದಲ್ಲಿ ಸತ್ಯಂಗೆ ಹೈಕೋರ್ಟಿನಲ್ಲಿ ಹಿನ್ನಡೆಯಾದರೂ, 2004ರಲ್ಲಿ ಸುಪ್ರೀಂ ಕೋರ್ಟು ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ಹೇಳಿತು. ‘ಜಿಯೊಹಾಟ್‌ಸ್ಟಾರ್ ಡಾಟ್ ಕಾಮ್’ ಮೊದಲೇ ಕಾದಿರಿಸಿದ್ದ ದೆಹಲಿಯ ಯುವಕನೊಬ್ಬ 2024ರಲ್ಲಿ, ಕೇಂಬ್ರಿಜ್ ಓದಿನ ಖರ್ಚು ಕೊಡಿ ಎಂದು ರಿಲಯನ್ಸ್‌ಗೆ ಕೇಳಿದಾಗ ದೇಶವೆಲ್ಲ ಅದನ್ನೇ ಚರ್ಚಿಸಿತು. ಆದರೆ ಸಾವಿರಾರು ಸಾಮಾನ್ಯ ಪದಗಳನ್ನು ಬೀಗ ಹಾಕಿ ಕೂತ ದೊಡ್ಡ ಕುಳಗಳನ್ನು ಯಾವ ಕಾನೂನೂ ಮುಟ್ಟುವುದಿಲ್ಲ. ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯಾದರೂ, ಬಳಸದೆ ರಾಶಿ ಹಾಕಿದ ಹೆಸರುಗಳಿಗೆ ಏರುದರದ ನವೀಕರಣ ಶುಲ್ಕ ವಿಧಿಸಲಿ. ಬೇನಾಮಿಯಲ್ಲಿ ಹಂಚಿಕೊಳ್ಳುತ್ತಾರೆ, ಗೊತ್ತು. ಕೊಂಚವಾದರೂ ತ್ರಾಸವಾಗಲಿ.

ಅಲ್ಲಿಯವರೆಗೆ ಹೊಸ ಉದ್ಯಮಿಗಳಲ್ಲಿ ಒಂದು ವಿನಂತಿ. ಯಾರೂ ಬಳಸದ ಪದವೊಂದನ್ನು ಕಟ್ಟಿಕೊಳ್ಳಿ, ಡಾಟ್ ಕಾಮ್ ಸಿಗದಿದ್ದರೆ ಡಾಟ್ ಇನ್ ತೆಗೆದುಕೊಳ್ಳಿ. ಉಳಿದ ದುಡ್ಡಿನಲ್ಲಿ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ನಿಮ್ಮ ಡೊಮೇನ್ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದೆಯೋ ನಿಮ್ಮ ಹೆಸರಿನಲ್ಲಿದೆಯೋ ಎಂಬುದನ್ನು ಇವತ್ತೇ ನೋಡಿಕೊಳ್ಳಿ.