ಚೀಟಿಗಿಂತ ಮೊದಲು ಸೂಜಿಮದ್ದು



ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮೊಮ್ಮಗ ಮೂರು ದಿನ ಜ್ವರದಲ್ಲಿ ಮಲಗಿದ್ದ. ಏಳು ವರ್ಷದ ಹುಡುಗ. ನಾಲ್ಕನೇ ದಿನ ಬೆಳಗ್ಗೆ ಹೆತ್ತ ತಾಯಿಯನ್ನೇ ‘ನೀನ್ಯಾರು?’ ಎಂದ. ಸಂಜೆ ಫಿಟ್ಸ್ ಬಂತು. ಕೈಗೆ ಬೀಗದ ಕೈ ಗೊಂಚಲು ಕೊಟ್ಟದ್ದಾಯಿತು, ಮೂಗಿಗೆ ಈರುಳ್ಳಿ ಹಿಡಿದದ್ದಾಯಿತು, ನಿಲ್ಲಲಿಲ್ಲ. (ಓದಿದವರ ಮನೆಯಲ್ಲೇ ಇಷ್ಟು!) ಹತ್ತಿರದ ಆಸ್ಪತ್ರೆಯವರು ‘ಜ್ವರದ ಫಿಟ್ಸ್’ ಎಂದು ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಸಾಗಹಾಕಿದರು. ಒಂದು ಸೂಜಿಮದ್ದೂ ಇಲ್ಲ. ಆಂಬುಲೆನ್ಸ್‌ನಲ್ಲಿ ದಾರಿಯುದ್ದಕ್ಕೂ ಹುಡುಗ ಅದುರುತ್ತಲೇ ಇದ್ದ.

ಜ್ವರದ ಫಿಟ್ಸ್ ಬರುವುದು ಸಾಮಾನ್ಯವಾಗಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ. ಬಹುಪಾಲು ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. 5 ನಿಮಿಷ ದಾಟಿದರೆ ತುರ್ತು ಪರಿಸ್ಥಿತಿ. ಆಗ ಬೇಕಾದದ್ದು ಮಿಡಜೋಲಾಂನಂಥ ಮದ್ದು, ಅದೂ ಆ ಕ್ಷಣದಲ್ಲಿ. ಮೂಗಿಗೆ ಸಿಂಪಡಿಸುವ ರೂಪದಲ್ಲೂ ಅದು ಸಿಗುತ್ತದೆ.

ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಹುಡುಗನ ಬೆನ್ನುಹುರಿಯ ನೀರಿನಲ್ಲಿ ಸಿಕ್ಕಿದ್ದು ಹರ್ಪಿಸ್ ವೈರಾಣು, ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಅದೇ ಜಾತಿಯದು. ಮಿದುಳಿಗೆ ಇಳಿದರೆ, ಮದ್ದು ಸಿಗದ 100 ಮಂದಿಯಲ್ಲಿ ಸುಮಾರು 70 ಮಂದಿ ಸಾಯುತ್ತಾರೆ. ಅದಕ್ಕೆ ಅಸೈಕ್ಲೊವಿರ್ ಎಂಬ ಮದ್ದಿದೆ. ನಮ್ಮ ಹುಡುಗನಿಗೆ ಅದು ತಲುಪಿದ್ದು ಮರುದಿನ ಮಧ್ಯಾಹ್ನ.

ಇದು ಅಪರೂಪದ ಕಾಯಿಲೆ, ಒಪ್ಪುತ್ತೇನೆ. ನಿಲ್ಲದ ಫಿಟ್ಸ್‌ಗೆ ಮಾತ್ರೆ ತಪ್ಪಿಸಿದ್ದು, ಸಕ್ಕರೆ ಇಳಿದದ್ದು, ಪಾರ್ಶ್ವವಾಯು ಹೀಗೆ ಬೇರೆ ಕಾರಣಗಳೇ ಹೆಚ್ಚು. ಆದರೆ ಜ್ವರ, ತೊದಲು, ಗುರುತು ಸಿಗದ ಮಂಕು, ಅದರ ಮೇಲೆ ಫಿಟ್ಸ್ ಬಂದರೆ ವರದಿಗಾಗಿ ಕಾಯದೆ ಅಸೈಕ್ಲೊವಿರ್‌ನ ಮೊದಲ ಡೋಸ್ ಕೊಡಬೇಕು. ಗದ್ದೆ ಸೊಳ್ಳೆಯಿಂದ ಬರುವ ಜಪಾನೀಸ್ ಮಿದುಳು ಜ್ವರಕ್ಕೆ ಅಸೈಕ್ಲೊವಿರ್ ನಾಟದು, ನಿಜ. ಯಾವ ವೈರಾಣು ಎಂದು ಆ ರಾತ್ರಿಯೇ ಹೇಳುವವರು ಯಾರು?

2022ರ ಡಿಸೆಂಬರ್‌ನಲ್ಲಿ ಸರ್ಕಾರ ಹತ್ತು ಜಿಲ್ಲೆಗಳಲ್ಲಿ ಆ ಮಿದುಳು ಜ್ವರಕ್ಕೆ ಲಸಿಕೆ ಅಭಿಯಾನ ನಡೆಸಿತು. ಒಳ್ಳೆಯ ಕೆಲಸವೇ. ಆದರೆ ಆ ಲಸಿಕೆ ಹರ್ಪಿಸನ್ನು ತಡೆಯುವುದಿಲ್ಲ. ಬಂದ ಫಿಟ್ಸನ್ನು ನಿಲ್ಲಿಸುವುದೂ ಇಲ್ಲ.

ಹುಡುಗ ಮೂರು ವಾರಕ್ಕೆ ಮನೆಗೆ ಬಂದ. ಬಾಯಿಪಾಠವಾಗಿದ್ದ ಮಗ್ಗಿ ಮರೆತಿದ್ದಾನೆ, ದಿನಕ್ಕೆರಡು ಸಲ ಫಿಟ್ಸ್ ಮಾತ್ರೆ ನುಂಗುತ್ತಾನೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಿಡಜೋಲಾಂ, ಅಸೈಕ್ಲೊವಿರ್ ಈ ಎರಡು ಮದ್ದು ಹಗಲು ರಾತ್ರಿ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಫಿಟ್ಸ್ ಶುರುವಾದ ಹೊತ್ತನ್ನೂ ಕೊಟ್ಟ ಮದ್ದನ್ನೂ ಬರೆಯುವುದು ಕಡ್ಡಾಯವಾಗಲಿ.

– ನಿವೃತ್ತ ಶಿಕ್ಷಕಿ, ಮಂಡ್ಯ ಜಿಲ್ಲೆ