ಚೌಕಟ್ಟಿನೊಳಗಿನ ಮನೆ

ಕಳೆದ ಬೇಸಿಗೆ ರಜೆಯಲ್ಲಿ ಮಗನನ್ನು ಕರೆದುಕೊಂಡು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಪನೀನಿ ಎಂಬ ಕಲಾವಿದ 1757ರಲ್ಲಿ ಬರೆದ ‘ಪ್ರಾಚೀನ ರೋಮ್’ ಎಂಬ ದೊಡ್ಡ ತೈಲಚಿತ್ರ ನೋಡಿದೆವು. ಚಿತ್ರದೊಳಗೊಂದು ಭಾರೀ ಹಜಾರ. ಅದರ ಗೋಡೆ ತುಂಬ ಕೊಲೊಸಿಯಂ, ಪ್ಯಾಂಥಿಯನ್ ಮೊದಲಾದವುಗಳ ಚಿತ್ರಗಳು! ರೋಮಿನಲ್ಲಿದ್ದ ಫ್ರೆಂಚ್ ರಾಯಭಾರಿ ಹೇಳಿ ಬರೆಸಿಕೊಂಡದ್ದಂತೆ.

18ನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಓದು ಮುಗಿಸಿ ‘ಗ್ರ್ಯಾಂಡ್ ಟೂರ್’ ಎಂದು ಇಟಲಿಗೆ ಹೋಗುತ್ತಿದ್ದರು. ಆಗ ಕ್ಯಾಮೆರಾ ಎಲ್ಲಿತ್ತು? ನೆನಪಿಗೆಂದು ಪನೀನಿಯಂಥವರಿಂದ ತೈಲಚಿತ್ರ ಕೊಳ್ಳುತ್ತಿದ್ದರು. ಅಷ್ಟು ಹಣವಿಲ್ಲದವರಿಗೆ ಪಿರನೇಸಿಯ ಅಚ್ಚಿನ ಚಿತ್ರಗಳಿದ್ದವು. ಇವುಗಳಲ್ಲಿ ‘ಕಪ್ರಿಚೊ’ ಎಂಬುದೊಂದು ಬಗೆ. ಊರಿನ ಬೇರೆ ಬೇರೆ ಮೂಲೆಯಲ್ಲಿರುವ ಕಟ್ಟಡಗಳನ್ನು ಕಲಾವಿದ ಒಂದೇ ಕಡೆ ತಂದು ನಿಲ್ಲಿಸಿಬಿಡುತ್ತಿದ್ದ. ನಗಬೇಡಿ, ನಮ್ಮ ರಾಜ್ಯೋತ್ಸವದ ವೇದಿಕೆಯ ಪರದೆಯನ್ನು ನೆನಪಿಸಿಕೊಳ್ಳಿ: ಹಂಪಿಯ ಕಲ್ಲಿನ ರಥ, ಪಕ್ಕದಲ್ಲೇ ಗೊಮ್ಮಟ, ಹಿಂದೆ ಜೋಗ!

ಇದನ್ನೆಲ್ಲ ಮಗನಿಗೆ ವಿವರಿಸುತ್ತಿದ್ದೆ. “ಅಪ್ಪ, ನಮ್ಮ ಹಾಲ್‌ನಲ್ಲಿರೋದೂ ಅಂಥದ್ದೇ ಅಲ್ವಾ?” ಎಂದ.

ನಾನು ಸುಮ್ಮನಾದೆ. ಅಮ್ಮ ತೀರಿಕೊಂಡ ಮೇಲೆ, 2011ರಲ್ಲಿ, ಊರ ಮನೆಯನ್ನು ಮಾರಿದೆ. ಮಾರುವ ಮೊದಲು ಒಬ್ಬ ಕಲಾವಿದರಿಗೆ ಫೋಟೋಗಳನ್ನು ಕೊಟ್ಟು ಮನೆಯ ಚಿತ್ರ ಬರೆಸಿದೆ. ಅದರಲ್ಲಿ ಅಂಗಳದ ಹಲಸಿನ ಮರವಿದೆ, ಬಾವಿಯ ಪಂಪೂ ಇದೆ. ಆದರೆ ಮರ ಬಿದ್ದದ್ದು ನಾನು ಪಿಯುಸಿಯಲ್ಲಿದ್ದಾಗ. ಪಂಪು ಬಂದದ್ದು ಎಂಬಿಬಿಎಸ್ ಮುಗಿದ ಮೇಲೆ, ಅಪ್ಪ ಹೋಗಿ ಎರಡು ವರ್ಷಕ್ಕೆ. ಚಿತ್ರದಲ್ಲಿ ಅಪ್ಪ ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ. ಎಲ್ಲವೂ ನಾನೇ ಹೇಳಿ ಸೇರಿಸಿದ್ದು.

ದಿನವೂ ರೋಗಿಗಳ ಕಥೆ ಕೇಳುವವನು ನಾನು. ನೋವು ಎಂದು ಶುರುವಾಯಿತು ಎಂದು ಕೇಳಿದರೆ ಅವರೂ ಘಟನೆಗಳನ್ನು ಹಿಂದುಮುಂದು ಮಾಡುತ್ತಾರೆ. ಅದು ಸುಳ್ಳಲ್ಲ, ಮನಸ್ಸು ತನಗೆ ಬೇಕಾದವರನ್ನು ಹತ್ತಿರ ಕೂರಿಸಿಕೊಳ್ಳುತ್ತದೆ, ಅಷ್ಟೆ. ಆದರೆ ನನ್ನ ಚಿತ್ರ ಒಂದು ವಿಷಯವನ್ನು ಮುಚ್ಚಿಟ್ಟಿತ್ತು. “ಅಷ್ಟು ಇಷ್ಟ ಇದ್ರೆ ಯಾಕೆ ಮಾರಿದ್ರಿ?” ಎಂದು ಮಗ ಕೇಳಿದ. ನೋಡಿಕೊಳ್ಳುವವರಿಲ್ಲ ಎಂದೆ. ನಿಜ ಹೇಳಬೇಕೆಂದರೆ, ಅಮ್ಮನಿಲ್ಲದ ಮನೆಯ ಬೀಗ ತೆಗೆಯಲು ನನಗೆ ಧೈರ್ಯವಿರಲಿಲ್ಲ.

ರೋಮಿಗೆ ಹೋದವರು ಚಿತ್ರ ಕೊಂಡು ಹಿಂತಿರುಗಿದರು. ಕಟ್ಟಡಗಳು ಅಲ್ಲೇ ಉಳಿದವು. ನಾನು ಚಿತ್ರ ಇಟ್ಟುಕೊಂಡು ಮನೆಯನ್ನೇ ಬಿಟ್ಟುಕೊಟ್ಟೆ.

ಈ ಡಿಸೆಂಬರಿಗೆ ಇಬ್ಬರಿಗೂ ಟಿಕೆಟ್ ತೆಗೆದಿದ್ದೇನೆ. ಈಗ ಆ ಮನೆಯಲ್ಲಿರುವವರ ಒಪ್ಪಿಗೆ ಕೇಳಿ, ಅಂಗಳದ ತನಕವಾದರೂ ಮಗನನ್ನು ಕರೆದೊಯ್ಯಬೇಕು. ಹಲಸಿನ ಮರ ಎಲ್ಲಿ ಎಂದು ಅವನು ಖಂಡಿತ ಕೇಳುತ್ತಾನೆ. ಈ ಸಲ ಇದ್ದದ್ದನ್ನು ಇದ್ದಹಾಗೇ ಹೇಳಬೇಕೆಂದಿದ್ದೇನೆ.