ಐದು ತಿಂಗಳ ಬಾಡಿಗೆ, ಹನ್ನೆರಡು ತಿಂಗಳ ಕಂತು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕ್ಷೇತ್ರೋತ್ಸವಗಳಲ್ಲಿ ಇತ್ತೀಚೆಗೆ ಒಂದು ಬದಲಾವಣೆ ಕಾಣುತ್ತಿದ್ದೇನೆ. ತಂದೆ ಬಂದು ಕಬ್ಬಿನ ತಳಿಯ ಬಗ್ಗೆ ವಿಚಾರಿಸುತ್ತಾರೆ. ಮಗ ನನ್ನನ್ನು ಬದಿಗೆ ಕರೆದು, "ಸಾಹೇಬ್ರ, ಒಂದು ಗಾಡಿ ತಗೋಬೇಕಂತ ಮಾಡೇನಿ, ಹೆಂಗ್ರಿ?" ಎನ್ನುತ್ತಾನೆ. ಬೇಸಾಯಶಾಸ್ತ್ರದವನಿಗೆ ಗಾಡಿಯ ಗೊಡವೆ ಏಕೆ ಎಂದು ಕೆಲವರು ನಗಬಹುದು. ಆದರೆ ಕಡಿದ ಕಬ್ಬು 24 ಗಂಟೆಯೊಳಗೆ ನುರಿಯದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ವರ್ಷವಿಡೀ ಮಾಡಿದ ಬೇಸಾಯ ಕೊನೆಗೆ ಗಾಡಿಯವನ ಕೈಯಲ್ಲಿರುತ್ತದೆ.

ಯುವಕರು ಗಾಡಿ ಕೊಳ್ಳುವುದು ತಪ್ಪಲ್ಲ. ಕಬ್ಬೊಂದನ್ನೇ ನಂಬಿ ಕೊಳ್ಳುವುದು ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಹುಣಶ್ಯಾಳ ಹೀಗೆ ಸುತ್ತ ಕಾರ್ಖಾನೆಗಳಿರುವುದರಿಂದ ಬಾಡಿಗೆಗೆ ಕೊನೆಯೇ ಇಲ್ಲವೆನಿಸುತ್ತದೆ. ಆದರೆ ನುರಿಯುವ ಹಂಗಾಮು ಸುಮಾರಾಗಿ ನವೆಂಬರಿನಿಂದ ಮಾರ್ಚವರೆಗೆ. ತಿಂಗಳಿಗೆ 15,000 ರೂ. ಕಂತು ಎಂದು ಹಿಡಿಯಿರಿ. ವರ್ಷಕ್ಕೆ 1,80,000 ರೂ. ಆಯಿತು. ಅದನ್ನು ಐದೇ ತಿಂಗಳಲ್ಲಿ ದುಡಿಯಬೇಕೆಂದರೆ ಡೀಸೆಲ್, ಟೈರು, ಚಾಲಕನ ಪಗಾರ ಕಳೆದ ಮೇಲೆ ತಿಂಗಳಿಗೆ 36,000 ರೂ. ಕಂತಿಗೇ ಮೀಸಲು. ಮನೆಖರ್ಚು ಇನ್ನೂ ಬಂದಿಲ್ಲ.

ಹಂಗಾಮಾದರೂ ನಮ್ಮ ಎಣಿಕೆಯಂತೆ ನಡೆಯುವುದೇ? 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂ. ಕೇಳಿ ಬೆಳೆಗಾರರು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕುಳಿತರು. ಸರಕಾರ 3,300 ರೂ. ಘೋಷಿಸಿತು. ಬೆಳೆಗಾರರ ಸಂಕಟ ನಿಜವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಬ್ಬಿನ ಸಾಗಣೆ ನಿಂತ ದಿನಗಳಲ್ಲಿಯೂ ಬ್ಯಾಂಕಿನ ಬಡ್ಡಿ ನಡೆದೇ ಇರುತ್ತದೆ.

ಇನ್ನು ಟ್ರ್ಯಾಕ್ಟರ್ ಮತ್ತು ಜೋಡಿ ಟ್ರೇಲರ್ ಕೊಂಡವನ ಕಥೆ. ಅವನಿಗೆ ಕಟಾವಿನ ಗ್ಯಾಂಗೂ ಬೇಕು. ಮಹಾರಾಷ್ಟ್ರದ ಬೀಡ ಕಡೆಯಿಂದಲೋ ವಿಜಯಪುರ ಕಡೆಯಿಂದಲೋ ಗ್ಯಾಂಗು ತರುವ ಮುಕಾದಮನಿಗೆ ಮಳೆಗಾಲದಲ್ಲೇ ಲಕ್ಷಗಟ್ಟಲೆ ಮುಂಗಡ ಎಣಿಸಬೇಕು. ಗ್ಯಾಂಗು ಬಾರದೇ ಹೋದರೆ ಅಥವಾ ನಡುವೆ ಎದ್ದು ಹೋದರೆ ಆ ಹಣಕ್ಕೆ ಜಾಮೀನಿಲ್ಲ. ಗಾಡಿಯ ಸಾಲದಿಂದ ಕೆಟ್ಟವರಿಗಿಂತ ಮುಂಗಡದಿಂದ ಕೆಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ. (ಕಡಿಯುವವರೂ ಸುಖದಿಂದ ಬಂದವರಲ್ಲ, ಅವರೂ ಅದೇ ಮುಂಗಡದ ಸಾಲ ಹೊತ್ತೇ ಬರುತ್ತಾರೆ.) ಆದ್ದರಿಂದ ಹೊಸಬನು ಮೊದಲ ಹಂಗಾಮನ್ನು ಬೇರೆಯವರ ಗಾಡಿಯ ಮೇಲೆ ದುಡಿದು ಕಳೆಯಲಿ. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಎಷ್ಟು ತಾಸು ಕಾಯಬೇಕು, ದಿನಕ್ಕೆ ಎಷ್ಟು ಖೇಪು ಆಗುತ್ತದೆ ಎಂಬುದು ಅಲ್ಲಿ ನಿಂತವನಿಗೇ ತಿಳಿಯುವುದು.

ಅನಂತರ ಸಣ್ಣ ಗಾಡಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ; ವಿಮೆ ಮತ್ತು ಫಿಟ್‌ನೆಸ್ ಪತ್ರ ಬೇಕೇ ಬೇಕು. ಹಗುರ ವಾಹನದ ಲೈಸೆನ್ಸ್ ಇದ್ದವನು 7,500 ಕಿಲೋವರೆಗಿನ ಸಾರಿಗೆ ವಾಹನ ನಡೆಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಎತ್ತಿ ಹಿಡಿದಿದೆ. ಇಂಥ ಗಾಡಿಗೆ ಹನ್ನೆರಡು ತಿಂಗಳೂ ಸರಕುಂಟು: ಬೆಳಗಾವಿಗೆ ಕಾಯಿಪಲ್ಲೆ, ಸಾಂಗಲಿಗೆ ಅರಿಸಿಣ, ಸುಗ್ಗಿಯಲ್ಲಿ ಗೋವಿನಜೋಳ, ಬರುವಾಗ ಗೊಬ್ಬರ, ಹಿಂಡಿ. ಸ್ವಂತ ಹೊಲದ ಕೆಲಸಕ್ಕೆಂದು ನೋಂದಾಯಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ಓಡಿಸಿದರೆ ಅಪಘಾತದ ಹೊತ್ತಿಗೆ ವಿಮೆಯವರು ತಕರಾರು ತೆಗೆಯುತ್ತಾರೆಂಬುದನ್ನೂ ನೆನಪಿಡಿ.

ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದರೆಂದು ಹುಡುಗರು ನನಗೇ ಹೇಳುತ್ತಾರೆ. ಹೌದು. ಆದರೆ ಆ ಸಂಸ್ಥೆ ಬೆಳೆದದ್ದು ಹಲವರ ಸಣ್ಣ ಸಣ್ಣ ಪಾರ್ಸಲ್‌ಗಳನ್ನು ಕೂಡಿಸಿ ಸಾಗಿಸಿದ್ದರಿಂದ ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮೂರಿನ ಹತ್ತು ರೈತರ ಹತ್ತು ಚೀಲಗಳನ್ನು ಕೂಡಿಸಿ ಪೇಟೆಗೆ ಒಯ್ಯುವವನು ಇನ್ನೂ ಎಲ್ಲ ಊರುಗಳಲ್ಲಿ ಹುಟ್ಟಿಲ್ಲ.

ಹೇರಿನ ವಿಷಯದಲ್ಲಿ ನಾನು ಯಾರ ಮುಲಾಜನ್ನೂ ಇಟ್ಟುಕೊಳ್ಳುವುದಿಲ್ಲ. ಮಿತಿ ಮೀರಿದರೆ 2019ರ ತಿದ್ದುಪಡಿಯಂತೆ 20,000 ರೂ. ದಂಡ, ಮೇಲಿನ ಪ್ರತಿ ಟನ್ನಿಗೆ 2,000 ರೂ. ಅದಕ್ಕಿಂತ ಕೇಡು ಹೊಲದಲ್ಲಿದೆ. ಹಸಿ ಎರೆ ಭೂಮಿಯಲ್ಲಿ ತುಂಬಿದ ಟ್ರೇಲರ್ ನಡೆಸಿದರೆ ಮಣ್ಣು ಗಟ್ಟಿಯಾಗಿ ಕುಳೆ ಕಬ್ಬಿನ ಬುಡಗಳು ನುಗ್ಗಾಗುತ್ತವೆ. ಮುಂದಿನ ಇಳುವರಿ ಅಲ್ಲಿಯೇ ಹೋಯಿತು. ಟ್ರೇಲರನ್ನು ಬದುವಿನಲ್ಲೇ ನಿಲ್ಲಿಸಿ ಕಬ್ಬನ್ನು ಹೊತ್ತು ತರುವಂತೆ ಹೊಲದ ಮಾಲೀಕರು ಪಟ್ಟು ಹಿಡಿಯಬೇಕು. ರಾತ್ರಿ ರಸ್ತೆ ಬದಿ ನಿಂತ ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಇಲ್ಲದ್ದರಿಂದ ಬೈಕಿನವರು ಬಡಿದು ಸತ್ತ ಸುದ್ದಿ ಪ್ರತಿ ಹಂಗಾಮಿನಲ್ಲೂ ಕೇಳುತ್ತೇವೆ. ಆ ಪಟ್ಟಿಗೆ ತಗಲುವ ಖರ್ಚು ಒಂದು ಖೇಪಿನ ಚಹಾದ ಖರ್ಚಿಗಿಂತ ಹೆಚ್ಚಲ್ಲ.

ಇನ್ನೊಂದು ಮಾತು. ಕಾರ್ಖಾನೆಗೆ ಕಬ್ಬು ಸುರಿದ ಗಾಡಿಗಳು ಬಹುತೇಕ ಖಾಲಿ ಮರಳುತ್ತವೆ. ಅಲ್ಲಿ ಪ್ರೆಸ್‌ಮಡ್ ಬಿದ್ದಿರುತ್ತದೆ. ಚೆನ್ನಾಗಿ ಕಳಿತ ಪ್ರೆಸ್‌ಮಡ್ ನಮ್ಮ ಭೂಮಿಗೆ ಒಳ್ಳೆಯ ಸಾವಯವ ಗೊಬ್ಬರ. ಗಾಡಿ ಕೊಳ್ಳಲು ಹೊರಟ ಯುವಕರು ಅದರ ದರವನ್ನೂ ಸುತ್ತಲಿನ ರೈತರ ಬೇಡಿಕೆಯನ್ನೂ ಈಗಲೇ ವಿಚಾರಿಸಿಟ್ಟುಕೊಳ್ಳಲಿ.